ಕಾಟಾ ಕುಣಿದ ಗುರುವಾರ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟಿದ್ದ ಶೇಖಪ್ಪನವರು ಎರಡು ಸಾವಿರದ ಎಂಟನೆಯ ಇಸವಿ ಫೆಬ್ರುವರಿಯ ಒಂದು ಗುರುವಾರ ತೂಕ ಮಾಡುವ ಹೊಸ ಎಲೆಕ್ಟ್ರಾನಿಕ್ ಕಾಟಾ ತಂದರು. ಆನಂದತೀರ್ಥನ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದ. ಕಾಟಾಕ್ಕೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅವನು ಮೆಣಸಿನಕಾಯಿಯನ್ನು ಮಾರುವವನೂ ಅಲ್ಲ, ಕೊಳ್ಳುವವನೂ ಅಲ್ಲ, ನಿಜ ಹೇಳಬೇಕೆಂದರೆ ಧೈರ್ಯವಾಗಿ ತಿನ್ನುವವನೂ ಅಲ್ಲ. ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಬಾಡಿಗೆಗೆ ಇದ್ದದ್ದಷ್ಟೇ ಅವನ ತಪ್ಪು.

ಆನಂದತೀರ್ಥ ಹ್ಯಾಮ್ ರೇಡಿಯೋ ಹುಚ್ಚಿನವನು. ಸರಕಾರದ ಲೈಸೆನ್ಸು ಇಟ್ಟುಕೊಂಡು, ಮನೆಯಲ್ಲೇ ಕೂತು, ಗಾಳಿಯ ಮೂಲಕ ದೇಶವಿದೇಶದವರೊಡನೆ ಮಾತಾಡುವ ಹುಚ್ಚು ಅದು. ಅದಕ್ಕೆ ಎತ್ತರದಲ್ಲಿ ಉದ್ದನೆಯ ತಂತಿ ಬೇಕು. ಆ ತಂತಿಯನ್ನು ನೋಡಿ ಊರಿನ ಆರು ಮಂದಿ ಮನೆ ಮಾಲೀಕರು ಅವನನ್ನು ಬಾಗಿಲಿನಿಂದಲೇ ವಾಪಸ್ಸು ಕಳಿಸಿದ್ದರು. ಏಳನೆಯವರು ಶೇಖಪ್ಪನವರು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಈ ತಂತಿ ಮ್ಯಾಲೆ ಬಟ್ಟಿ ಒಣಹಾಕ್ತೀರೇನ್ರಿ ಮಾಸ್ತರ?"

"ಇಲ್ರಿ."

"ಹಂಗಾರ ಕಟ್ರಿ. ಬಟ್ಟಿ ಒಣಹಾಕಿದ್ರ ಅಂಗಡಿ ಮುಂದ ಚಂದ ಕಾಣೂದಿಲ್ಲ."

ಹೀಗೆ ಮಾಳಿಗೆಯ ಕಂಬದಿಂದ ಯಾರ್ಡಿನ ಬೇವಿನ ಮರದ ತುದಿಯವರೆಗೆ ತಂತಿ ಎದ್ದಿತು. ದಿನಾ ಸಂಜೆ ನಾಲ್ಕಕ್ಕೆ, ಕಾಲೇಜು ಬಿಟ್ಟು ಬಂದು ಕೈಕಾಲು ತೊಳೆದವನೇ, ಆನಂದತೀರ್ಥ ಮೋರ್ಸ್ ಕೀಲಿಯ ಮುಂದೆ ಕೂರುತ್ತಿದ್ದ. ಹಳೆಯ ಕಾಲದ ತಾರಿನ ಕಟ್‌ಕಟ್ ಅದು. ಅತ್ತ ಕಡೆ ಜಪಾನಿನ ಹಿರೋಶಿ ಅಜ್ಜ. ರೈಲ್ವೆಯಲ್ಲಿ ತಾರ್ ಮಾಸ್ತರನಾಗಿದ್ದು ನಿವೃತ್ತನಾದವನು. ಏಳು ವರ್ಷದಿಂದ ಇಬ್ಬರೂ ಒಂದು ದಿನ ತಪ್ಪಿಸಿರಲಿಲ್ಲ. ಹೋದ ವರ್ಷ ಹೆಂಡತಿ ತೀರಿಕೊಂಡ ಮೇಲಂತೂ ಅಜ್ಜ ಮೂರೂ ಮುಕ್ಕಾಲಿಗೇ ಬಂದು ಕಾಯುತ್ತಿದ್ದ. ಮಾತೇನೂ ದೊಡ್ಡದಲ್ಲ. ಅಲ್ಲಿ ಹಿಮ, ಇಲ್ಲಿ ಸೆಕೆ, ಅಲ್ಲಿ ಮೂಲಂಗಿ ಉಪ್ಪಿನಕಾಯಿ, ಇಲ್ಲಿ ಅನ್ನ ಸಾರು. ಮೂವತ್ತೆಂಟು ದಾಟಿಯೂ ಮದುವೆಯಾಗದ ಆನಂದತೀರ್ಥನಿಗೆ "ಊಟ ಆಯಿತೇ" ಎಂದು ದಿನಾ ಕೇಳುವ ಜೀವ ಅದೊಂದೇ. ತಂತಿ ಹೋದರೆ ಅದೂ ಹೋಗುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆ ಗುರುವಾರ ಬೆಳಿಗ್ಗೆ ಹೊಸ ಕಾಟಾಕ್ಕೆ ಕುಂಕುಮ ಹಚ್ಚಿ, ಹಾರ ಹಾಕಿ, ಕಾಯಿ ಒಡೆದರು. ಹಾರದಿಂದಾಗಿ ಅಂಕಿ ಕಾಣದೆ, ಆಮೇಲೆ ಹಾರವನ್ನು ಪಕ್ಕಕ್ಕೆ ಸರಿಸಬೇಕಾಯಿತು. ಕಬ್ಬಿಣದ ಕಲ್ಲಿಟ್ಟು ತೂಗುತ್ತಿದ್ದ ಹಳೆಯ ಕಾಟಾ ಮೂಲೆ ಸೇರಿತು. ಸಂಜೆಯ ಹೊತ್ತಿಗೆ ಟೆಂಡರ್ ಮುಗಿದು, ಮೋಟೆಬೆನ್ನೂರಿನ ರೈತ ಫಕ್ಕೀರಪ್ಪನ ಮಾಲು ಖರೀದಿದಾರ ಶಾಬುದ್ದೀನ ಸಾಹೇಬರಿಗೆ ಆಯಿತು. ಹಮಾಲರು ಮೊದಲ ಚೀಲವನ್ನು ಹೊಸ ಕಾಟಾದ ಮೇಲೆ ಇಳಿಸಿದರು. ಕೆಂಪು ಅಂಕಿ ಫಳಕ್ಕನೆ ಹೊತ್ತಿ ಮೂವತ್ತೆಂಟು ಕಿಲೋ ಎಂದು ನಿಂತಿತು. ಶೇಖಪ್ಪನವರು ಕಾಟಾದ ತಲೆಯನ್ನು ಎಮ್ಮೆಕರುವಿನ ತಲೆ ನೇವರಿಸಿದಂತೆ ನೇವರಿಸಿದರು.

ಎರಡನೆಯ ಚೀಲ ಏರಿತು. ಆಗ ಸರಿಯಾಗಿ ನಾಲ್ಕು ಗಂಟೆ. ಮೇಲೆ ಆನಂದತೀರ್ಥ ಕೀಲಿಯ ಮೇಲೆ ಬೆರಳಿಟ್ಟ.

ಇದಕ್ಕೂ ಮೂವತ್ತೆಂಟು ಎಂದಿದ್ದ ಕಾಟಾ ನಲವತ್ತೊಂದು ಎಂದಿತು. ಮರುಕ್ಷಣ ಮೂವತ್ತೆಂಟು. ಮತ್ತೆ ನಲವತ್ತೊಂದು.

"ಬರಕೊಳ್ರಿ, ನಲವತ್ತೊಂದು!" ಎಂದು ಫಕ್ಕೀರಪ್ಪ ಕೂಗಿದ. ಮುದಿ ಗುಮಾಸ್ತ ಪೆನ್ನು ಕಾಗದಕ್ಕೆ ಮುಟ್ಟಿಸುವಷ್ಟರಲ್ಲಿ ಅಂಕಿ ಇಳಿಯಿತು.

"ಹಾಂ, ಈಗ ಬರಕೊಳ್ರಿ. ಮೂವತ್ತೆಂಟು!" ಎಂದರು ಶಾಬುದ್ದೀನ ಸಾಹೇಬರು.

"ಏರೇತಿ ನೋಡ್ರಿ, ಏರೇತಿ! ಬರಕೊಳ್ರಿ!"

"ಇಳದೈತಿ, ಇಳದೈತಿ! ಲಗೂ ಬರಕೊಳ್ರಿ!"

ಗುಮಾಸ್ತನ ಪೆನ್ನು ಏರುತ್ತಾ ಇಳಿಯುತ್ತಾ ಕೊನೆಗೆ ಅವನ ಕಿವಿಗೇ ಹೋಗಿ ಕೂತಿತು. ಸುತ್ತಲಿನ ಅಂಗಡಿಗಳವರು ತಮ್ಮ ತೂಕ ಬಿಟ್ಟು ಇಲ್ಲಿಗೆ ಬಂದರು.

"ಫಕ್ಕೀರಪ್ಪಾ, ಖರೇ ಹೇಳು," ಎಂದರು ಶೇಖಪ್ಪನವರು. "ಊರಾಗ ತೂಗಿದಾಗ ಎಷ್ಟಿತ್ತು?"

"ಮೂವತ್ತೆಂಟಾ ಇತ್ರಿ ಸಾವಕಾರ್ರ. ಸುಳ್ಳು ಯಾಕ ಹೇಳ್ಲಿ? ಆದ್ರ ನಮ್ಮೂರಿನ ಕಾಟಾ ಹಳೇದು. ಇದು ಹೊಸಾದು, ಮುಂಜಾನೆ ಪೂಜಿ ಮಾಡಿಸಿಕೊಂಡೈತಿ. ಇದು ಸುಳ್ಳು ಹೇಳ್ತೈತೇನ್ರಿ?"

ಪಕ್ಕದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದ ಹೆಂಗಸರ ಗುಂಪಿಗೆ ಮುತ್ತವ್ವ ಹಿರಿಯಳು. ಇಪ್ಪತ್ತು ವರ್ಷದಿಂದ ಆ ಕಟ್ಟೆಯ ಮೇಲೆ ಕೂತವಳಿಗೆ ಪೇಟೆಯಲ್ಲಿ ತಿಳಿಯದ ಸಂಗತಿ ಇರಲಿಲ್ಲ. ಅವಳು ಕೈಕೆಲಸ ಬಿಡದೆಯೇ ಹೇಳಿದಳು.

"ಮುಂಜಾನೆ ಒಡದ ಕಾಯಿ ಕೆಟ್ಟಿತ್ತು. ನಾ ಕಣ್ಣಾರೆ ಕಂಡೇನಿ. ಸಾವಕಾರ್ರು ಅದನ್ನ ಚೀಲದ ಹಿಂದ ಒಗದು ಬ್ಯಾರೆ ಕಾಯಿ ಒಡದ್ರು."

ಶೇಖಪ್ಪನವರು ಕೆಮ್ಮಿದರು. ಅಷ್ಟು ಹೊತ್ತಿಗೆ ಯಾರೋ ಹಮಾಲನ ಕಾಲು ಕಾಟಾಕ್ಕೆ ತಾಗುತ್ತಿದೆ ಎಂದರು, ಹಮಾಲ ಎರಡು ಮಾರು ದೂರ ಹೋಗಿ ನಿಂತ, ಅಂಕಿ ಕುಣಿಯುತ್ತಲೇ ಇತ್ತು. ಹಾರದ ಭಾರ ಎಂದರು, ಹಾರ ತೆಗೆದು ಶೇಖಪ್ಪನವರ ಕೊರಳಿಗೇ ಹಾಕಿದರು, ಆದರೂ ಕುಣಿಯಿತು.

ಮೇಲೆ, ಹಿರೋಶಿ ಅಜ್ಜ ಹೊಸ ಉಪ್ಪಿನಕಾಯಿಯ ಭರಣಿ ತೆರೆದ ಸುದ್ದಿಗೆ ಇತ್ತಲಿಂದ ಉತ್ತರ ಹೋಗುತ್ತಿತ್ತು. ಕೆಳಗಿನ ಗದ್ದಲ ಜಾಸ್ತಿಯಾಗಿ, ಆನಂದತೀರ್ಥ ಕೀಲಿಯಿಂದ ಕೈ ತೆಗೆಯದೆ ಕಿಟಕಿಯಲ್ಲಿ ಬಗ್ಗಿ ನೋಡಿದ. ಕಾಟಾದ ಕೆಂಪು ಅಂಕಿ ಕಾಣುತ್ತಿತ್ತು. ಅವನು ಕೀಲಿ ಒತ್ತಿದ, ಅಂಕಿ ಏರಿತು. ಬಿಟ್ಟ, ಇಳಿಯಿತು. ಉದ್ದಕ್ಕೆ ಒತ್ತಿದ, ಉದ್ದಕ್ಕೆ ನಿಂತಿತು. ಇನ್ನೊಬ್ಬನಾಗಿದ್ದರೆ ಕಿಟಕಿ ಮುಚ್ಚಿ ಮುಸುಕೆಳೆದು ಮಲಗುತ್ತಿದ್ದ. ಭೌತಶಾಸ್ತ್ರದ ಮಾಸ್ತರನಿಗೆ ಭಯಕ್ಕಿಂತ ಮೊದಲು ಸಂತೋಷವಾಯಿತು. ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದು, ಗುಂಪಿನ ನಡುವೆ ನಿಂತು, ಬಹುಮಾನ ಬಂದವನಂತೆ ಕೂಗಿದ.

"ಅದು ನಂದರಿ! ನಾನಽ ಮಾಡ್ಲಿಕತ್ತೀನಿ!"

 ಫಕ್ಕೀರಪ್ಪ ಬಂದು ಅವನ ಕೈಹಿಡಿದು ಸಣ್ಣ ದನಿಯಲ್ಲಿ, "ಮಾಸ್ತರ್ರ, ಇನ್ನ ಹನ್ನೊಂದು ಚೀಲ ಅದಾವರಿ. ಅವು ಮುಗಿಯೂತನಕ ಮಾಡ್ರಿ," ಎಂದ.

"ಮ್ಯಾಲೆ ಕುಂತವ್ರು ಕೆಳಗಿನ ಕಾಟಾ ಹೆಂಗ ಏರಸತೀರಿ?" ಎಂದು ಶಾಬುದ್ದೀನ ಸಾಹೇಬರು ಕೇಳಿದರು. "ನಡುವ ಸ್ಲ್ಯಾಬ್ ಐತಿ!"

"ರೇಡಿಯೋ ತರಂಗಕ್ಕ ಸ್ಲ್ಯಾಬ್ ಅಡ್ಡ ಬರೂದಿಲ್ರಿ ಸಾಹೇಬ್ರ. ಕಾಟಾದ ವಾಯರು ಅದನ್ನ ಹಿಡಕೊಂಡು, ತೂಕ ಅಂತ ತಪ್ಪು ತಿಳಕೋತದ."

ಯಾರೂ ನಂಬಲಿಲ್ಲ. ಆನಂದತೀರ್ಥ ಹುರುಪಿನಲ್ಲಿದ್ದ. ಶೇಖಪ್ಪನವರನ್ನೇ ಕಾಟಾದ ಮೇಲೆ ನಿಲ್ಲಿಸಿ, ಮೇಲೆ ಓಡಿ ಕೀಲಿ ಒತ್ತಿದ. ತೊಂಬತ್ತೆರಡು ಇದ್ದ ಶೇಖಪ್ಪನವರು ಕೊರಳ ಹಾರದ ಸಮೇತ ತೊಂಬತ್ತೈದಾದರು. ಗುಂಪು ಹೋ ಎಂದಿತು.

"ಏನ್ರಿ ಮಾಸ್ತರ!" ಅವನು ಇಳಿದು ಬರುತ್ತಲೇ ಶೇಖಪ್ಪನವರು ಹಣೆ ಒರೆಸಿಕೊಂಡರು. "ಹಾವೇರಿ ಡಾಕ್ಟರು ಮೂರು ತಿಂಗಳಿಂದ ತೂಕ ಇಳಸು ಅಂತ ನನಗ ಅನ್ನ ಬಿಡಿಸ್ಯಾರ. ನೀವು ನಿಂತಲ್ಲೇ ಮೂರು ಕಿಲೋ ಏರಸಿದ್ರಿ!"

ಅದು ಖರೇ ತೂಕವಲ್ಲ, ಕಾಟಾದ ಭ್ರಮೆ ಎಂದು ಆನಂದತೀರ್ಥ ಹೇಳುವಷ್ಟರಲ್ಲಿ ಮುತ್ತವ್ವ ಮೊದಲ ಸಲ ಕೈಕೆಲಸ ಬಿಟ್ಟು ಎದ್ದುನಿಂತಳು. ಅದು ಒಳ್ಳೆಯ ಲಕ್ಷಣವಾಗಿರಲಿಲ್ಲ.

"ಕಬ್ಬಿಣದ ಕಾಟಾನ ಹಿಂಗ ಕುಣಸ್ತೈತಿ ಅಂದ್ರ," ಎಂದಳು, "ನಮ್ಮ ಮೈಗೆ ಏನು ಮಾಡಿರಬೇಕು? ದಿನಾ ನಾಕಕ್ಕ ನನ್ನ ತಲಿ ಸಿಡಿತೈತಿ. ಇಷ್ಟು ವರ್ಷ ಘಾಟು ಘಾಟು ಅಂತ ಮೆಣಸಿನಕಾಯಿನ ಬೈದೆ."

ಅಷ್ಟು ಸಾಕಾಯಿತು. ಒಬ್ಬಳಿಗೆ ಮೊಣಕಾಲು ನೋವು ನೆನಪಾಯಿತು, ಒಬ್ಬಳಿಗೆ ಕೂದಲು ಉದುರುವುದು. ಗುಮಾಸ್ತನಿಗೆ ಕಣ್ಣು ಮಂಜು. ಒಬ್ಬ ಹಮಾಲ ತನ್ನ ಎಮ್ಮೆ ಹಾಲು ಕಡಿಮೆ ಮಾಡಿದ್ದು ಇದರಿಂದಲೇ ಎಂದ. ಅವನ ಎಮ್ಮೆ ಕಾಗಿನೆಲೆಯಲ್ಲಿತ್ತು. ಕಾಗಿನೆಲೆಗೆ ಬಸ್ಸಿನಲ್ಲಿ ಹೋಗಬೇಕಲ್ಲ ಎಂದು ಆನಂದತೀರ್ಥ ಕೇಳಿದ್ದಕ್ಕೆ, ಜಪಾನಿಗೆ ಹೋಗುವುದು ಕಾಗಿನೆಲೆಗೆ ಹೋಗುವುದಿಲ್ಲವೇ ಎಂದು ಹಮಾಲ ತಿರುಗಿ ಕೇಳಿದ. ಪ್ರಶ್ನೆಯಲ್ಲಿ ಅರ್ಥವಿತ್ತು. 

ಶೇಖಪ್ಪನವರು ಹಾರ ತೆಗೆದು ಗೂಟಕ್ಕೆ ಹಾಕಿದರು. "ನೋಡ್ರಿ ಮಾಸ್ತರ, ನೀವು ಚಲೋ ಮನಷ್ಯಾರು. ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ಹೊತ್ತು ಮುಣಗೂದ್ರಾಗ ಆ ತಂತಿ ಇಳಸಿಬಿಡ್ರಿ. ಈ ಮಂದಿ ಬ್ಯಾರೆ ಅಂಗಡಿ ಕಟ್ಟಿಗೆ ಹೋದ್ರ ನನ್ನ ಮಾಲಿನ ತೊಟ್ಟು ನೀವು ಬಿಡಸ್ತೀರೇನು?"

ಆನಂದತೀರ್ಥನ ಹುರುಪು ಜರ್ರನೆ ಇಳಿಯಿತು. ಅತ್ತ ಜಪಾನಿನಲ್ಲಿ ಅಜ್ಜ ಮಾತಿನ ನಡುವೆ ಬಿಟ್ಟುಹೋದವನಿಗಾಗಿ ಕಾಯುತ್ತಿದ್ದ. ಎಂಟನೆಯ ಮಾಲೀಕ ಊರಲ್ಲಿರಲಿಲ್ಲ.

"ಒಂದು ತಾಸು ಕೊಡ್ರಿ ಶೇಖಪ್ಪನವರ. ಕಾಟಾ ನಾ ಸರಿ ಮಾಡಿ ಕೊಡ್ತೀನಿ."

ಮೇಲಿನಿಂದ ಒಂದು ಕಪ್ಪು ಉಂಗುರ ತಂದ. ಹಾಳಾದ ಕಂಪ್ಯೂಟರಿನ ವಾಯರಿಗೆ ಇದ್ದದ್ದು, ಕೋಡುಬಳೆಯಷ್ಟು ದೊಡ್ಡದು. ಕಾಟಾದ ವಾಯರನ್ನು ಅದರೊಳಗೆ ಐದಾರು ಸುತ್ತು ಸುತ್ತಿದ. ತರಂಗ ಆ ಉಂಗುರದಲ್ಲೇ ತಡೆದು ನಿಲ್ಲುತ್ತದೆ ಎಂದ. ಮೇಲೆ ಹೋಗಿ ಕೀಲಿ ಒತ್ತಿದ. ಮತ್ತೆ ಚೀಲ ಹೊತ್ತಿದ್ದ ಕಾಟಾ ಮೂವತ್ತೆಂಟಕ್ಕೆ ಕಲ್ಲಿನಂತೆ ನಿಂತಿತು. ಶಾಬುದ್ದೀನ ಸಾಹೇಬರು "ವಾಹ್!" ಎಂದರು. ಫಕ್ಕೀರಪ್ಪ ನಿಟ್ಟುಸಿರಿಟ್ಟು ಬೀಡಿ ಹಚ್ಚಿದ.

"ನಮ್ಮ ತಲಿಗೂ ಅಂಥಾದ್ದೊಂದು ಉಂಗುರ ಹಾಕ್ರಿ," ಎಂದಳು ಮುತ್ತವ್ವ.

ಆನಂದತೀರ್ಥ ಕಟ್ಟೆಯ ಮೇಲೆ ಅವಳ ಎದುರಿಗೆ ಕೂತ. ತರಗತಿಯಲ್ಲಿ ಕೂಡ ಅವನು ಅಷ್ಟು ಪ್ರೀತಿಯಿಂದ ಪಾಠ ಮಾಡಿರಲಿಲ್ಲ.

"ಮುತ್ತವ್ವಾ, ಒಂದು ಮೆಣಸಿನಕಾಯಿ ಮುರದ್ರ ಘಾಟು ಬರ್ತದೇನು?"

"ಒಂದಕ್ಕ ಏನು ಬರ್ತೈತಿ?"

"ಒಂದು ಗೋದಾಮು ತುಂಬ ಇದ್ರ?"

"ಜೀವ ಹೋಗ್ತೈತಿ."

"ಹಂಗಽ ಇದೂನು. ಎಷ್ಟರ ತನಕ ಮೈಗೆ ಏನೂ ಆಗೂದಿಲ್ಲ ಅಂತ ತಿಳದವ್ರು ಕೂತು ಒಂದು ಮಿತಿ ಹಾಕ್ಯಾರ. ಮಂದಿ ಓಡಾಡೋ ಜಾಗಾದಾಗ ಅದಕ್ಕಿಂತ ಹೆಚ್ಚು ಇರಬಾರದು. ಖರೇ ಕೇಡಾಗೋ ಮಟ್ಟಕ್ಕಿಂತ ಅದೆಷ್ಟೋ ಪಟ್ಟು ಕಡಿಮಿ ಇಟ್ಟಾರ. ನಂದು ಆ ಮಿತಿಯ ಹತ್ತಿರಕ್ಕೂ ಬರೂದಿಲ್ಲ."

ಮುತ್ತವ್ವ ಯೋಚಿಸಿದಳು. "ಮತ್ತ ಮೆಣಸಿನಕಾಯಿ ಘಾಟಿಗೆ ನಮಗ ಯಾರು ಮಿತಿ ಹಾಕ್ಯಾರ್ರಿ?"

ಶೇಖಪ್ಪನವರು ಗಡಿಬಿಡಿಯಿಂದ ಮಾತು ತಿರುಗಿಸಿದರು. "ಅದಿರ್ಲಿ. ಮಿತಿಯೊಳಗ ಐತಿ ಅಂತ ಅಳದು ನೋಡಿದವ್ರು ಯಾರು? ಬಾಯಿಲೇ ಹೇಳಿದ್ರ ಆತೇನು? ನಾವು ತೂಗಿದ್ದಷ್ಟಽ ನಂಬೋ ಮಂದಿ."

ಅದೂ ನ್ಯಾಯವೇ. ಅಳೆಯುವ ಮೀಟರು ಆನಂದತೀರ್ಥನ ಬಳಿ ಇರಲಿಲ್ಲ. ಆಗ ಶಾಬುದ್ದೀನ ಸಾಹೇಬರಿಗೆ ನೆನಪಾಯಿತು. ರಾಣೇಬೆನ್ನೂರಿನ ಲಾಡ್ಜಿನಲ್ಲಿ ಇಳಿದುಕೊಂಡಿರುವ ಸುನೀಲಕುಮಾರ ಎಂಬ ಮೊಬೈಲ್ ಕಂಪನಿಯ ಎಂಜಿನಿಯರನೊಬ್ಬ ಹದಿನೈದು ದಿನದಿಂದ ತಾಲೂಕು ತುಂಬ ಒಂದು ಮೀಟರು ಹಿಡಿದು ತಿರುಗುತ್ತಿದ್ದ. ಸಾಹೇಬರು ಸಿಗ್ನಲ್ಲಿಗಾಗಿ ಚೀಲದ ಒಟ್ಟಿಲಿನ ತುದಿ ಏರಿ, ಒಂದು ಕೈಯಿಂದ ತೊಲೆ ಹಿಡಿದು, ಮೂರನೆಯ ಸಲಕ್ಕೆ ಅವನನ್ನು ಮೊಬೈಲಿನಲ್ಲಿ ಹಿಡಿದರು. ಪುಣ್ಯಕ್ಕೆ ಅವನು ಮೋಟೆಬೆನ್ನೂರಿನಲ್ಲೇ ಇದ್ದ. ಅರ್ಧ ತಾಸಿನಲ್ಲಿ ಮೋಟರ್‌ಸೈಕಲ್ಲಿನಲ್ಲಿ ಬಂದ.

ಸುನೀಲಕುಮಾರ ಇಪ್ಪತ್ತೇಳು ಇಪ್ಪತ್ತೆಂಟರ ಮಿತಭಾಷಿ. ನಡೆದದ್ದನ್ನು ಕೇಳಿ ನಗಲೂ ಇಲ್ಲ. ಮೀಟರು ತೆಗೆದು, "ನೀವು ಮ್ಯಾಲೆ ಮಾಡ್ಕೋತ ಇರ್ರಿ ಸರ್, ನಾ ಅಳೀತೇನಿ," ಎಂದ.

ಆನಂದತೀರ್ಥ ಮೇಲೆ ಹೋಗಿ ಕಿವಿಗೆ ಹೆಡ್‌ಫೋನು ಹಾಕಿಕೊಂಡ. ಒಂದು ತಾಸಿನ ಮೇಲಾಗಿತ್ತು. ಆದರೂ ಹಿರೋಶಿ ಅಜ್ಜ ಅಲ್ಲೇ ಇದ್ದ. ನಿಧಾನವಾಗಿ, ಬಿಡದೆ, ಅವನ ಹೆಸರನ್ನು ಕರೆಯುತ್ತಿದ್ದ.  ತಪ್ಪಾಯಿತು, ತಡವಾಯಿತು, ಎಲ್ಲ ಸೌಖ್ಯ ಎಂದು ಒತ್ತಿದ. ಸೌಖ್ಯವೋ ಅಲ್ಲವೋ ಅವನಿಗೇ ಗೊತ್ತಿರಲಿಲ್ಲ.

ಕೆಳಗೆ ಸುನೀಲಕುಮಾರ ಕಟ್ಟೆಯ ಮೇಲೆ, ಕಾಟಾದ ಬಳಿ, ಮುತ್ತವ್ವನ ತಲೆಯ ಮೇಲೆ ಮೀಟರು ಹಿಡಿದು ಅಳೆದ. ಇಡೀ ಪೇಟೆ ಅವನ ಹಿಂದೆ ಹಿಂದೆಯೇ ನಡೆಯಿತು. ಆಮೇಲೆ ಮಾಳಿಗೆಯ ಮೇಲೆ ಒಬ್ಬನೇ ಹೋಗಿ ಬಹಳ ಹೊತ್ತು ನಾಲ್ಕೂ ದಿಕ್ಕಿಗೆ ನೋಡಿದ. ಇಳಿದು ಬಂದು, "ಮಿತಿಯ ಸಾವಿರದಾಗ ಒಂದು ಪಾಲೂ ಇಲ್ರಿ. ಯಾರೂ ಹೆದರೂ ಕಾರಣ ಇಲ್ಲ," ಎಂದ.

"ಬರದು ಕೊಡ್ರಿ," ಎಂದರು ಶೇಖಪ್ಪನವರು. ತಾನು ಬರೆದರೆ ಅದು ಸರಕಾರಿ ಕಾಗದವಾಗುವುದಿಲ್ಲ ಎಂದು ಅವನು ಅನುಮಾನಿಸಿದ. ಶೇಖಪ್ಪನವರು ತಮ್ಮ ಅಂಗಡಿಯ ಲೆಟರ್‌ಹೆಡ್ಡಿನ ಮೇಲೇ ಬರೆಸಿ, ಸಹಿ ಮಾಡಿಸಿ, ಕೆಳಗೆ ಅಂಗಡಿಯ ರಬ್ಬರ್ ಸ್ಟ್ಯಾಂಪು ಒತ್ತಿದರು. ಸ್ಟ್ಯಾಂಪು ಬಿದ್ದ ಮೇಲೆ ಎಲ್ಲರಿಗೂ ನಂಬಿಕೆ ಬಂತು. ಮುತ್ತವ್ವನ ತಲೆನೋವು ಅಷ್ಟರಲ್ಲೇ ಇಳಿದಿತ್ತು. ಕಾಗಿನೆಲೆಯ ಎಮ್ಮೆಗೆ ವಯಸ್ಸಾಗಿದೆ ಎಂದು ಹಮಾಲ ಒಪ್ಪಿಕೊಂಡ. ಶೇಖಪ್ಪನವರು ಎಲ್ಲರಿಗೂ ಚಹಾ ತರಿಸಿ, ಆನಂದತೀರ್ಥನ ಬೆನ್ನು ತಟ್ಟಿ, "ನಮ್ಮ ಮಾಸ್ತರು ಅಂದ್ರ ಸುಮ್ನ ಅಲ್ರಿ," ಎಂದರು.

ಗೆದ್ದ ಸಂತೋಷದಲ್ಲಿ ಆನಂದತೀರ್ಥ ಮೇಲೆ ಹೋಗಿ ಅನ್ನಕ್ಕಿಟ್ಟ. ಕುಕ್ಕರ್ ಎರಡನೆಯ ಸೀಟಿ ಹೊಡೆಯುವಾಗ ಬಾಗಿಲು ಬಡಿದ ಸದ್ದಾಯಿತು. ಶೇಖಪ್ಪನವರು ಒಂದು ತಟ್ಟೆಯಲ್ಲಿ ಮಂಡಕ್ಕಿ, ಬಿಸಿ ಮಿರ್ಚಿ ಬಜ್ಜಿ ಹಿಡಿದು ನಿಂತಿದ್ದರು. ತೂಕ ಇಳಿಸುವ ಮನುಷ್ಯ ಮಿರ್ಚಿ ತಂದಿದ್ದಾನೆಂದರೆ ಏನೋ ದೊಡ್ಡ ಸುದ್ದಿಯೇ ಇರಬೇಕು. ಒಳಗೆ ಬಂದು ಕೂತು ತಟ್ಟೆಯನ್ನು ಅವನ ಮುಂದಿಟ್ಟರು.

"ಮಾಸ್ತರ, ನಿಮ್ಮಿಂದ ನನ್ನ ಅಂಗಡಿಗೆ ಲಕ್ಷ್ಮಿ ಬಂದ್ಲು ನೋಡ್ರಿ. ಆ ಸುನೀಲಕುಮಾರ ಹದಿನೈದು ದಿನದಿಂದ ಟವರಿಗೆ ಜಾಗಾ ಹುಡಕ್ಯಾಡಕತ್ತಿದ್ದ. ಯಾರ ಮಾಳಿಗಿ ಕೇಳಿದ್ರೂ ಓಣಿ ಮಂದಿ ಹೊಯ್ಕೊಳ್ಳತಿದ್ರು, ತರಂಗ ಬರ್ತಾವು, ರೋಗ ಬರ್ತೈತಿ ಅಂತ. ಇಲ್ಲಿ ನೀವು ಮಿತಿ ಅಂದ್ರ ಏನಂತ ಇಡೀ ಪ್ಯಾಟಿಗೆ ಪಾಠಾನಽ ಮಾಡೀರಿ. ಮುತ್ತವ್ವ ಹೂಂ ಅಂದ್ಲು. 'ಮಿತಿಯೊಳಗ ಇಡ್ತಾರಂದ್ರ ಇಡ್ಲಿ ಬಿಡ್ರಿ, ನನ್ನ ಮೊಮ್ಮಗಳಿಗೆ ಫೋನು ಹತ್ತತೈತಿ,' ಅಂದ್ಲು. ಮುತ್ತವ್ವ ಹೂಂ ಅಂದಮ್ಯಾಲೆ ಮುಗೀತಲ್ಲ!"

ಆನಂದತೀರ್ಥನ ಕೈಯಲ್ಲಿದ್ದ ಮಿರ್ಚಿ ಬಾಯಿಯ ಹತ್ತಿರವೇ ನಿಂತಿತು. "ಟವರು ಎಲ್ಲಿ ಬರ್ತದರಿ?"

"ಇಲ್ಲೇ, ನಿಮ್ಮ ನೆತ್ತಿ ಮ್ಯಾಲೆ. ಇಡೀ ಯಾರ್ಡಿನ್ಯಾಗ ಇದಕ್ಕಿಂತ ಚಲೋ ಮಾಳಿಗಿ ಇಲ್ಲಂತ."

"ಮತ್ತ... ನನ್ನ ತಂತಿ?"

ಶೇಖಪ್ಪನವರು ನೆಲ ನೋಡಿದರು. "ಅದನ್ನ ಆಯಿತವಾರದೊಳಗ ಇಳಸಬೇಕಂತ್ರಿ. ನಿಮ್ಮ ತಂತಿಯಿಂದ ಅವರ ಟವರಿಗೆ ತೊಂದರಿ ಆಗ್ತೈತಂತ."

ಕುಕ್ಕರ್ ಮೂರನೆಯ ಸೀಟಿ ಹೊಡೆಯಿತು. ಯಾರೂ ಏಳಲಿಲ್ಲ. ಏನಾದರೂ ಹೇಳಬೇಕೆಂದು ಆನಂದತೀರ್ಥ ಹುಡುಕಿದ. ಹೇಳುವುದನ್ನೆಲ್ಲ ಆ ಸಂಜೆ ಕಟ್ಟೆಯ ಮೇಲೆ ಕೂತು ತಾನೇ ಹೇಳಿ ಮುಗಿಸಿದ್ದ.

ಶೇಖಪ್ಪನವರದು ಕೆಟ್ಟ ಜೀವವಲ್ಲ. ಅವನ ಮುಖ ನೋಡಿ ತಟ್ಟೆಯನ್ನು ಇನ್ನಷ್ಟು ಅವನ ಕಡೆ ಸರಿಸಿದರು. "ಬ್ಯಾಸರ ಮಾಡ್ಕೋಬ್ಯಾಡ್ರಿ. ಟವರು ಎದ್ದ ದಿನಾನ ಮೊದಲನೇ ಮೊಬೈಲು ನಿಮಗ ನಾ ಕೊಡಸ್ತೇನಿ. ಆ ಜಪಾನಿನ ಅಜ್ಜಗ ದಿನಾ ನಾಕಕ್ಕ ಫೋನು ಹಚ್ರಿ. ಈ ಕಟ್‌ಕಟ್ ಯಾಕ ಬೇಕು? ಬಾಯಿತುಂಬ ಮಾತಾಡ್ರಿ!"

"ಅವರಿಗೆ ಫೋನು ಉಪಯೋಗ ಇಲ್ರಿ ಶೇಖಪ್ಪನವರ."

"ಯಾಕ?"

"ಅಜ್ಜಗ ಕಿವಿ ಕೇಳೂದಿಲ್ಲ. ಹದಿನೈದು ವರ್ಷ ಆತು."

ಶೇಖಪ್ಪನವರು ಕಣ್ಣು ಬಿಟ್ಟರು. "ಮತ್ತ ಏಳು ವರ್ಷ ನಿಮ್ಮ ಮಾತು ಹೆಂಗ ಕೇಳ್ತಿದ್ದಾ?"

"ಸ್ಪೀಕರಿನ ಮ್ಯಾಲೆ ಬೆರಳು ಇಟಗೊಂಡು. ನಾ ಇಲ್ಲಿ ಒತ್ತಿದ್ದು ಅವರ ಬೆರಳಿಗೆ ತಟ್ಟತದ."

 ಶೇಖಪ್ಪನವರು ಎದ್ದು ಹೋಗಿ, ಕುಕ್ಕರಿನ ಗ್ಯಾಸು ತಾವೇ ಆರಿಸಿ ಬಂದು, ಮತ್ತೆ ಅವನ ಪಕ್ಕದಲ್ಲಿ ಕೂತರು.

"ಊಟ ಆತೇನ್ರಿ ಮಾಸ್ತರ?" ಎಂದು ಕೇಳಿದರು.